ಮಾತ್ರೆ ಕಿಟಕಿಯ ಮೇಷ್ಟ್ರು

ಹೋದ ಭಾನುವಾರ ನನ್ನ ಮರಿಮಗಳನ್ನು ತೊಟ್ಟಿಲಿಗೆ ಹಾಕಿದೆವು. ಎಪ್ಪತ್ತು ದಾಟಿದ ಮೇಲೆ ಇಂಥ ಸಂತೋಷ ಬಂದರೆ ಅದನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ಕೂಸಿನ ಕಾಲ್ಬೆರಳು ನನ್ನ ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಬಂದವರಿಗೆಲ್ಲ ಬಟ್ಟೆ ಸರಿಸಿ ಅದನ್ನೇ ತೋರಿಸುತ್ತಿದ್ದೆ. ತೋರಿಸಿದವರಿಗೇ ಮತ್ತೆ ತೋರಿಸಿದೆನಂತೆ, ಸೊಸೆ ನಗುತ್ತಾಳೆ. ನಗಲಿ.

ಕೂಸಿನ ತಾಯಿ, ನನ್ನ ಮೊಮ್ಮಗಳು ಪವಿತ್ರ, ಗೋಡೆಗೆ ಒರಗಿ ಕೂತಿದ್ದಳು. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟಿದ್ದೆವು. ಬಾಣಂತಿಯ ಮುಖ ಹುಣಸೆಹಣ್ಣಿನಲ್ಲಿ ತೊಳೆದ ಹಿತ್ತಾಳೆಯ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಬಂದ ಹೆಂಗಸರಲ್ಲಿ ಒಬ್ಬಳು ಆ ಮುಖವನ್ನೇ ನೋಡಿ ಅಂದಳು: “ಆವಾಗ ಏನ್ ಗತಿ ಆಗಿತ್ತಲ್ವಾ ಈ ಹುಡ್ಗಿ ಮುಖ! ಈಗ ನೋಡ್ರಮ್ಮ, ಕನ್ನಡಿ ಆಗೈತೆ.”

ಪಕ್ಕದವಳು ಹೋಳಿಗೆ ಮುರಿಯುತ್ತಾ, “ಇನ್ನೇನು ಮತ್ತೆ, ಹಸ ಕಟ್ಟಿರೋ ಮನೆ. ಅಜ್ಜಿ ದಿನಾ ಲೋಟ ತುಂಬ ಹಾಲು ಕುಡಿಸಿ ಕುಡಿಸಿ ಹಿಂಗೆ ಮಾಡವ್ರೆ. ನಾವು ಪ್ಯಾಕೆಟ್ ಹಾಲು ಕುಡ್ದೋರು, ನಮ್ ಮುಖ ನೋಡಿ!” ಅಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಗೆ ಹೊಗಳಿದವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಮೇಲೆ ತುಪ್ಪ ಬಿಟ್ಟೆ. ಅಲ್ಲ ಅನ್ನಲಿಲ್ಲ. ಪವಿತ್ರ ತಲೆ ಎತ್ತಿ ಒಂದೇ ಒಂದು ಸಲ ನನ್ನನ್ನು ನೋಡಿ ಕೂಸಿನ ಕಡೆ ತಿರುಗಿಕೊಂಡಳು. ಅಷ್ಟು ಸಾಕಾಯಿತು. ಅಷ್ಟೊತ್ತು ಹಾರಾಡಿದ ಜೀವ ಅಲ್ಲೇ ಕುಸಿಯಿತು.

ಆ ಮುಖ ವಾಸಿಯಾದದ್ದು ನನ್ನ ಹಾಲಿನಿಂದಲ್ಲ. ನನ್ನ ಹಾಲಿನಿಂದ ಅದು ಎರಡು ತಿಂಗಳು ತಡವಾಯಿತು. ವಾಸಿ ಮಾಡಿಸಿದವರು ಈ ವರ್ಷ ಯುಗಾದಿ ಕಳೆದ ಮೇಲೆ ತೀರಿಕೊಂಡರು. ನಮ್ಮೂರ ಜನರ ಬಾಯಲ್ಲಿ ಕಳ್ಳರಾಗಿಯೇ ತೀರಿಕೊಂಡರು. ಅವರನ್ನು ಕಳ್ಳ ಮಾಡಿದವಳು ನಾನು. ಆ ಹೆಸರನ್ನು ತೊಳೆಯಬೇಕಾದವಳೂ ನಾನೇ.

ಅವರು ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಿದ್ದರು. ನಮ್ಮದು ಸೂಲಿಬೆಲೆ ಕಡೆಯ ಊರು, ಬಸ್ಸು ಹತ್ತಿದರೆ ಆಸ್ಪತ್ರೆಗೆ ಹೆಚ್ಚು ಹೊತ್ತಿಲ್ಲ. ಔಷಧಿ ಕೊಡುವ ಕಿಟಕಿ ತೀರಾ ತಗ್ಗಿನಲ್ಲಿತ್ತು. ಅವರೋ ಉದ್ದ ಮನುಷ್ಯರು. ಕ್ಯೂನಲ್ಲಿ ನಿಂತವರಿಗೆ ಅವರ ಅಂಗಿಯ ಜೇಬು, ಎರಡು ಕೈ ಮಾತ್ರ ಕಾಣುತ್ತಿದ್ದವು. ಮುಖ ಕಾಣಬೇಕಾದರೆ ಅವರೇ ಬಗ್ಗಬೇಕು. ಬಗ್ಗುತ್ತಿದ್ದರು. ನೂರು ಜನ ಬಂದರೆ ನೂರು ಸಲ ಬಗ್ಗುತ್ತಿದ್ದರು. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದ್ದರು. ಬಗ್ಗಿದಾಗ ಅದು ಜಾರುತ್ತಿತ್ತು, ಹೆಬ್ಬೆರಳಲ್ಲಿ ಮೇಲೆ ತಳ್ಳಿಕೊಂಡು ಮಾತು ಶುರು ಮಾಡುತ್ತಿದ್ದರು.

ಮಾತ್ರೆ ಕೊಟ್ಟು ಕಳಿಸುವ ಮನುಷ್ಯರೇ ಅಲ್ಲ ಅವರು. ಪಾಠ ಒಪ್ಪಿಸಬೇಕು. ಮಾತ್ರೆ ಹಾಳೆಯ ಒಂದು ತುದಿ ನಮ್ಮ ಕೈಗೆ ಕೊಟ್ಟು ಇನ್ನೊಂದು ತುದಿ ತಾವೇ ಹಿಡಿದಿರುತ್ತಿದ್ದರು. “ಹೇಗೆ ತಗೊಳ್ತೀರಾ, ಹೇಳಿ ನೋಡೋಣ” ಅನ್ನುವರು. ಸರಿಯಾಗಿ ಹೇಳಿದರೆ ಬಿಡುವರು, ತಪ್ಪಿದರೆ ಬಿಡುತ್ತಿರಲಿಲ್ಲ. ಅದಕ್ಕೇ ಜನ ಮಾತ್ರೆ ಮೇಷ್ಟ್ರು ಅನ್ನುತ್ತಿದ್ದರು. ಹಿಂದೆ ನಿಂತವರು, “ಪರೀಕ್ಷೆ ಶುರುವಾಯ್ತು ಕಣಪ್ಪೋ” ಎಂದು ಗೊಣಗುವರು.

ಒಂದು ದಿನ ಒಬ್ಬ ಮುದುಕ ಹಾಳೆ ಹಿಡಿದುಕೊಂಡು ಒದ್ದಾಡಿದ್ದು ನೆನಪಿದೆ.

“ಬೆಳಿಗ್ಗೆ ಎರಡು” ಅಂದ.

“ಅಲ್ಲ ತಾತ.”

“ಹಂಗಾದ್ರೆ ರಾತ್ರಿ ಎರಡು.”

“ಅದೂ ಅಲ್ಲ.”

ಕ್ಯೂಗೆ ಕ್ಯೂವೇ ಕೂಗಿತು: “ಊಟ ಆದ್ಮೇಲೆ ಒಂದು ಕಣೋ ತಾತ! ಬಸ್ ಹೋಯ್ತದೆ!”

ಇವರು ನಗುತ್ತಾ ಹಾಳೆ ಬಿಟ್ಟರು. “ಒಳ್ಳೇದಾಯ್ತು. ಈಗ ಊರಿಗೆಲ್ಲ ಗೊತ್ತಾಯ್ತು. ನೀನು ಮರೆತರೆ ಯಾರನ್ನಾದ್ರೂ ಕೇಳು.”

ಓದು ಬಾರದವರಿಗೆ ಮಾತ್ರೆಯ ಲಕೋಟೆ ಮೇಲೆ ಸೂರ್ಯ ಬರೆದುಕೊಡುವರು, ರಾತ್ರಿಯದಕ್ಕೆ ಅರ್ಧ ಚಂದ್ರ. ನಾನು ಮೂರನೇ ಕ್ಲಾಸಿನವರೆಗೆ ಹೋದವಳು. “ನಂಗೆ ಓದಕ್ಕೆ ಬರ್ತದೆ” ಎಂದು ಜಂಬದಿಂದ ಹೇಳಿದ್ದೆ. “ಬರುತ್ತೆ ಅಮ್ಮ. ಆದರೆ ಕನ್ನಡಕ ಎಲ್ಲೋ ಇಟ್ಟು ಮರೆತಿರ್ತೀರಿ” ಎಂದು ನನಗೂ ಸೂರ್ಯ ಬರೆದೇ ಕೊಟ್ಟರು. ಅವರ ಸೂರ್ಯನಿಗೆ ಯಾವಾಗಲೂ ಏಳೇ ಕಿರಣ. ಮಾತ್ರೆಯನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಳ್ಳುವವರನ್ನು ಕಂಡರೆ ಅವರಿಗಾಗದು. “ಇದು ಪ್ರಸಾದ ಅಲ್ಲಮ್ಮ. ಭಕ್ತಿಯಿಂದ ನುಂಗಿದ್ರೆ ಸಾಲದು, ಹೇಳಿದ ಹಾಗೆ ನುಂಗಬೇಕು” ಅನ್ನುವರು.

ಅವರ ಮನೆ, ಮಕ್ಕಳು, ಯಾವ ಕಡೆಯವರು, ನನಗೊಂದೂ ಗೊತ್ತಿಲ್ಲ. ಕೇಳಬೇಕು ಅಂತಲೂ ಅನ್ನಿಸಿರಲಿಲ್ಲ. ಕಿಟಕಿಯೊಳಗಿನ ಮನುಷ್ಯ ಕಿಟಕಿಯೊಳಗೇ ಇರುತ್ತಾನೆ ಅಂದುಕೊಂಡಿದ್ದೆ.

ಪವಿತ್ರನಿಗೆ ಆಗ ಹದಿನೇಳು. ಮೊಡವೆ ಯಾರಿಗೆ ಬರುವುದಿಲ್ಲ! ಇದು ಮೊಡವೆ ಅನ್ನುವ ಹಾಗಿರಲಿಲ್ಲ. ಎರಡೂ ಕೆನ್ನೆ, ಗಲ್ಲ, ಕುತ್ತಿಗೆಯವರೆಗೆ ಅವರೆಕಾಳಿನ ಗಾತ್ರದ ಗಂಟು. ಒಳಗೆ ಕೀವು, ಮೇಲೆ ಕೆಂಪು. ಬೆಳಿಗ್ಗೆ ಎದ್ದರೆ ದಿಂಬಿನ ಬಟ್ಟೆಗೆ ರಕ್ತ. ಬೆನ್ನಿಗೂ ಬಂದು ಒರಗಿ ಕೂರಲು ಆಗುತ್ತಿರಲಿಲ್ಲ. ಕಾಲೇಜಿಗೆ ಹೋಗುವಾಗ ಕಣ್ಣೊಂದು ಬಿಟ್ಟು ವೇಲಿನಲ್ಲಿ ಮುಖ ಸುತ್ತಿಕೊಳ್ಳುವಳು. ಹಾಲ್ ಟಿಕೆಟ್ಟಿಗೆ ಫೋಟೊ ಬೇಕೆಂದಾಗ ಎರಡು ದಿನ ಊಟ ಬಿಟ್ಟಳು. ಮನೆಯ ಕನ್ನಡಿಗೆ ಅವಳೇ ಬಟ್ಟೆ ಹಾಕಿದ್ದಳು.

ನಾವು ಮಾಡದ ಔಷಧಿ ಇಲ್ಲ. ಕಡಲೆಹಿಟ್ಟು, ನಿಂಬೆಹಣ್ಣು, ಬೇವಿನಸೊಪ್ಪು ಅರೆದು ಹಚ್ಚಿದೆವು. ಯಾರೋ ಹೇಳಿದರೆಂದು ಹಲ್ಲುಜ್ಜುವ ಪೇಸ್ಟ್ ಹಚ್ಚಿ ಅದು ಸುಟ್ಟು ಸಿಪ್ಪೆ ಎದ್ದಿತು. ಘಾಟಿಯ ನಾಗಪ್ಪನ ಗುಡಿಗೆ ಹೋಗಿ ಹರಕೆ ಕಟ್ಟಿ ಹುತ್ತದ ಮಣ್ಣು ತಂದು ಹಚ್ಚಿದೆ. ಬೆಂಗಳೂರಿನ ಚರ್ಮದ ಕ್ಲಿನಿಕ್ಕಿಗೆ ಮಗ ಒಂದು ಸಲ ಕರೆದುಕೊಂಡು ಹೋದ. ಅವನು ಬಾಡಿಗೆ ಟೆಂಪೊ ಓಡಿಸುತ್ತಾನೆ, ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅಲ್ಲಿ ಹೇಳಿದ ದುಡ್ಡು ಕೇಳಿ ಹಾಗೇ ವಾಪಸು ಕರೆದುಕೊಂಡು ಬಂದ. ನಮ್ಮ ಮೂರು ಹಸುವಿನ ಎರಡು ತಿಂಗಳ ಹಾಲು ಅಲ್ಲಿ ಒಂದು ಸಲಕ್ಕೆ ಹೋಗುತ್ತಿತ್ತು.

ನನ್ನ ಮಂಡಿ ನೋವಿನ ಮಾತ್ರೆಗೆ ಹೋದಾಗ ಪವಿತ್ರ ಜೊತೆಗಿದ್ದಳು. ಮೇಷ್ಟ್ರು ನನಗೆ ಪಾಠ ಹೇಳಿ ಮುಗಿಸಿ, ಇನ್ನೂ ಸ್ವಲ್ಪ ಬಗ್ಗಿ, ನನ್ನ ಹಿಂದೆ ನೋಡಿದರು. “ಆ ಮಗು ಯಾಕೆ ಹಾಗೆ ಮುಖ ಸುತ್ಕೊಂಡಿದೆ? ಬಾಮ್ಮ ಇಲ್ಲಿ” ಅಂದರು. ವೇಲು ಸರಿಸಿದಾಗ ಮುಖದ ತುಂಬ ಹುತ್ತದ ಮಣ್ಣು. ಕ್ಯೂನಲ್ಲಿ ಯಾರೋ ಕಿಸಕ್ಕೆಂದರು. ಇವರು ನಗಲಿಲ್ಲ.

“ಹರಕೆ ಖಂಡಿತ ತೀರಿಸಿ. ಮಣ್ಣು ಮಾತ್ರ ಮುಖಕ್ಕೆ ಬೇಡ, ಗಾಯಕ್ಕೆ ನಂಜಾಗುತ್ತೆ. ಗುರುವಾರ ತಾಲ್ಲೂಕು ಆಸ್ಪತ್ರೆಗೆ ಚರ್ಮದ ಡಾಕ್ಟ್ರು ಬರ್ತಾರೆ. ತೋರಿಸಿ ಚೀಟಿ ತನ್ನಿ. ಮಾತ್ರೆ ನಾನಿಲ್ಲೇ ಕೊಡ್ತೀನಿ, ಬಿಟ್ಟಿ. ಮುಲಾಮು ನಮ್ಮಲ್ಲಿರಲ್ಲ. ಅದನ್ನ ಜನರಿಕ್ ಅಂಗಡೀಲಿ ತಗೊಳ್ಳಿ, ಕಡಿಮೆಗೆ ಸಿಗುತ್ತೆ. ಹೆಸರು ಬರ್ಕೊಡ್ತೀನಿ, ಅವರು ಬೇರೆ ಬಣ್ಣದ ಟ್ಯೂಬ್ ಕೊಟ್ರೂ ಒಳಗಿರೋದು ಅದೇ” ಎಂದರು. ಆಮೇಲೆ ಪವಿತ್ರನಿಗೆ, “ಇದು ಗಲೀಜಿನಿಂದ ಬಂದದ್ದಲ್ಲ ಮಗು, ನಿನ್ನ ತಪ್ಪೂ ಅಲ್ಲ. ಹಿಸುಕಬೇಡ, ಕೆರೀಬೇಡ. ಅಷ್ಟೆ” ಎಂದರು. ಬಸ್ಸಿನಲ್ಲಿ ಅವಳು ವೇಲಿನೊಳಗೇ ಅಳುತ್ತಿದ್ದಳು. ಯಾಕೆ ಅಂದರೆ, “ಗಲೀಜಲ್ಲ ಅಂತ ಇದುವರೆಗೂ ಯಾರೂ ಅಂದಿರ್ಲಿಲ್ಲ ಅಜ್ಜಿ” ಅಂದಳು.

ಗುರುವಾರ ತೋರಿಸಿದೆವು, ಚೀಟಿ ಸಿಕ್ಕಿತು. ಮಾರನೆಯ ದಿನ ಮಾತ್ರೆ ತರಲು ಹೊರಟಾಗ ಉಪಕಾರ ತೀರಿಸಬೇಕೆಂದು ಒಂದು ಲೀಟರು ಹಾಲು ತೆಗೆದುಕೊಂಡು ಹೋದೆ. ನಮ್ಮ ಮನೆಯ ಹಾಲಿನ ವಿಷಯ ಹೇಳಬೇಕು. ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಹಾಲಿಗೆ ಒಂದು ತೊಟ್ಟು ನೀರು ಬೆರೆಸಿದವಳಲ್ಲ. ಡೇರಿಯಲ್ಲಿ ನನ್ನ ಕ್ಯಾನು ಬಂದರೆ ಪರೀಕ್ಷೆ ಮಾಡುವವನು ನೀರು ಅಳೆಯುವ ಕೊಳವೆ ಇಡುವ ಮುಂಚೆಯೇ “ಅಜ್ಜಿದು ಬಿಡಿ” ಅನ್ನುತ್ತಾನೆ. ಆಸ್ತಿ ಅಂತ ನನಗಿದ್ದದ್ದು ಅದೊಂದು ಹೆಸರು. ಅಂಥ ಹಾಲನ್ನು ಕಿಟಕಿಯ ಮುಂದಿಟ್ಟೆ.

“ಅಯ್ಯೋ ಬೇಡಮ್ಮ. ನನಗೆ ಹಾಲು ಆಗಲ್ಲ, ಹೊಟ್ಟೆ ಕೆಡುತ್ತೆ” ಅಂದರು ಮೇಷ್ಟ್ರು.

ಹಿಂದಿನವನೊಬ್ಬ ಜೋರಾಗಿ, “ಅಜ್ಜಿ, ನಿಮ್ ಹಾಲು ಕುಡಿದ್ರೆ ಹೊಟ್ಟೆ ಕೆಡ್ತದಂತೆ ಕೇಳಿಸ್ಕೊಂಡ್ರಾ!” ಅಂದ. ಕ್ಯೂ ತುಂಬ ನಗು. ನನ್ನ ಕಿವಿ ಬಿಸಿಯಾಯಿತು.

ಅದರ ಮೇಲೆ ಅವರು ಮಾತ್ರೆ ಹಾಳೆ ಹಿಡಿದು ಪಾಠ ಹೇಳಿದರು: “ದಿನಕ್ಕೊಂದು. ತಿಂಡಿ ಆದ್ಮೇಲೆ. ದೊಡ್ಡ ಲೋಟ ನೀರಲ್ಲಿ, ಕೂತ್ಕೊಂಡು. ನುಂಗಿದ ತಕ್ಷಣ ಮಲಗಬಾರದು. ಮುಖ್ಯ ಇದು, ಹಾಲಲ್ಲಿ ತಗೋಬಾರದು. ಹಾಲಲ್ಲಿರೋ ಸುಣ್ಣದಂಶ ಈ ಮಾತ್ರೆನ ಹಿಡ್ಕೊಂಡ್ಬಿಡುತ್ತೆ, ರಕ್ತಕ್ಕೆ ಬಿಡಲ್ಲ. ಎಲ್ಲಿ, ಹೇಳಿ ನೋಡೋಣ.”

“ನೀರಲ್ಲಿ” ಅಂದೆ.

“ಹಾಲಲ್ಲಿ?”

“ತಗೋಬಾರದು.”

“ಇನ್ನೊಂದ್ಸಲ.”

ಇನ್ನೊಂದು ಸಲವೂ ಹೇಳಿದೆ. ಹಾಳೆ ಬಿಟ್ಟರು. ಬಾಯಿ ಹೇಳುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು. ಊರ ಮುಂದೆ ನನ್ನ ಹಾಲು ಬೇಡ ಅಂದದ್ದಲ್ಲದೆ ಅದರಲ್ಲಿ ಸುಣ್ಣ ಬೇರೆ ಇದೆಯಂತೆ!

ಮಾರನೆಯ ಬೆಳಿಗ್ಗೆ ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ, ಪವಿತ್ರನ ಮುಂದೆ ಮಾತ್ರೆ ಇಟ್ಟು ದೊಡ್ಡ ಲೋಟದಲ್ಲಿ ಹಾಲು ಇಟ್ಟೆ.

“ಅಜ್ಜಿ, ಹಾಲು ಬೇಡ ಅಂದ್ರಲ್ಲ?”

“ಆಯಪ್ಪನಿಗೆ ಹಾಲು ಆಗಲ್ಲ, ಅದಕ್ಕೆ ಊರಿಗೆಲ್ಲ ಬೇಡ ಅಂತವ್ನೆ. ಇಂಗ್ಲಿಷ್ ಮಾತ್ರೆ ಉಷ್ಣ ಕಣೆ. ಬರೀ ನೀರಲ್ಲಿ ನುಂಗಿದ್ರೆ ಕರುಳು ಸುಟ್ಟೋಯ್ತದೆ. ಹದಿನೇಳು ವರ್ಷ ಸಾಕಿರೋಳು ನಾನೋ ಅವನೋ? ಕುಡಿ.”

ಕುಡಿದಳು. ದಿನಾ ಕುಡಿದಳು. ಪ್ರೀತಿಯಿಂದಲೇ ಕೊಟ್ಟೆ ಎಂದು ಬರೆದರೆ ಅರ್ಧ ನಿಜ. ಇನ್ನರ್ಧ, ಅವರ ಮಾತು ಮುರಿಯುವ ಹಟ. ಲೋಟ ತುಂಬುವಾಗ ಒಂದೊಂದು ದಿನ ಮನಸ್ಸಿನಲ್ಲಿ, “ನೋಡು ಬಾ ಈಗ” ಅಂದುಕೊಂಡದ್ದೂ ಉಂಟು.

ಮುಲಾಮಿನದು ಇನ್ನೊಂದು ಕಥೆ. ರಾತ್ರಿ ಕಡಲೆಕಾಳಿನಷ್ಟು ಹಚ್ಚಬೇಕೆಂದು ಡಾಕ್ಟರು ಹೇಳಿದ್ದರು. ವಾರದಲ್ಲಿ ನಮ್ಮ ನೀಲಿ ಟವೆಲ್ಲಿನ ಮೇಲೆ, ದಿಂಬಿನ ಮೇಲೆ ಬಿಳಿ ಬಿಳಿ ಮಚ್ಚೆ ಎದ್ದವು. ಬಟ್ಟೆಯ ಬಣ್ಣ ತಿನ್ನುವುದು ಮುಖ ಬಿಡುತ್ತದೆಯೇ ಎಂದು ಕೂಗಾಡಿದೆ. ಆ ಮುಲಾಮಿನ ಗುಣವೇ ಅದು, ಹಳೇ ಬಿಳಿ ಬಟ್ಟೆ ಹಾಸಿಕೊಳ್ಳಿ ಎಂದು ಮೇಷ್ಟ್ರು ಪವಿತ್ರನಿಗೆ ಮೊದಲೇ ಹೇಳಿದ್ದರಂತೆ. ನಾನು ಯಾರ ಮಾತು ಕೇಳುವ ಸ್ಥಿತಿಯಲ್ಲೂ ಇರಲಿಲ್ಲ.

ಎರಡು ತಿಂಗಳಾಯಿತು. ಮುಖ ಹಾಗೇ ಇತ್ತು, ಎಡಗೆನ್ನೆಯಂತೂ ಇನ್ನೂ ಕೆಟ್ಟಿತು. ಒಂದು ಸಂಜೆ ಡೇರಿಯಲ್ಲಿ ಹಾಲು ಹಾಕಲು ನಿಂತಿದ್ದಾಗ ನಮ್ಮ ಪಕ್ಕದ ಬೀದಿಯ ಗೌರಮ್ಮ ಕೇಳಿದಳು: “ಮೊಮ್ಮಗಳ ಮುಖ ಹೆಂಗೈತೆ? ಆಸ್ಪತ್ರೆ ಮಾತ್ರೆ ಕೇಳ್ತಾ?”

“ಎಲ್ಲಿ ಕೇಳ್ತದೆ?” ಅಂದೆ. “ಆಯಪ್ಪ ಒಳ್ಳೆ ಮಾತ್ರೆನೆಲ್ಲ ಹೊರಗಡೆ ಮೆಡಿಕಲ್‌ಗೆ ಮಾರ್ಕೊಂಡು ನಮಗೆ ಸುಣ್ಣದ ಉಂಡೆ ಕೊಡ್ತವ್ನೆ.”

“ಹೌದಾ! ನೀವು ಕಂಡ್ರಾ?”

“ಕಾಣದೆ ಹೇಳ್ತೀನಾ?”

ಕಂಡಿರಲಿಲ್ಲ. ಎರಡೇ ಪದ. ಸಾಲಿನಲ್ಲಿ ನನ್ನ ಮುಂದಿದ್ದವರ ಕ್ಯಾನು ಸರಿಯುವಷ್ಟರಲ್ಲಿ ಹೇಳಿ ಮುಗಿಸಿದೆ. ನೀರು ಬೆರೆಸದ ಅಜ್ಜಿ ಹೇಳಿದಳು ಅಂದ ಮೇಲೆ ಇನ್ನೇನು. ಬೆಳಗಾಗುವುದರಲ್ಲಿ ನಾಲ್ಕು ಬೀದಿ ದಾಟಿತು, ವಾರದಲ್ಲಿ ನಾಲ್ಕು ಊರು. ನಾನು ಒಂದು ಅಂದರೆ ಅದು ವಾಪಸು ನನ್ನ ಕಿವಿಗೆ ಬರುವ ಹೊತ್ತಿಗೆ ಅವರು ಬೆಂಗಳೂರಲ್ಲಿ ಮನೆ ಕಟ್ಟಿಸಿದ್ದರು! ಜನ ಕಿಟಕಿಯ ಮುಂದೆ ಮಾತ್ರೆ ಮೂಸಿ ನೋಡಲು ಶುರು ಮಾಡಿದರು. ಗೌರಮ್ಮ ತನ್ನ ಬಿಪಿ ಮಾತ್ರೆಯನ್ನೇ ಬಿಟ್ಟಳು. ಯಾರೋ ಮೇಲಕ್ಕೆ ಅರ್ಜಿ ಬರೆದರು. ಜೀಪಿನಲ್ಲಿ ಬಂದವರು ಬೀರುಗಳನ್ನೆಲ್ಲ ತೆಗೆಸಿ ನೋಡಿದರು. ಎಲ್ಲ ಸರಿಯಾಗಿತ್ತು. ಆದರೂ ಜನರ ಗಲಾಟೆ ನಿಲ್ಲಲಿಲ್ಲವೆಂದು, ರಿಟೈರಾಗಲು ಎರಡು ವರ್ಷವಿದ್ದ ಮನುಷ್ಯರನ್ನು ದೊಡ್ಡಬಳ್ಳಾಪುರದ ಆಚೆಗೆ ವರ್ಗ ಮಾಡಿದರು.

ಹೊರಡುವ ಹಿಂದಿನ ದಿನ ಅವರು ನಮ್ಮ ಮನೆಗೆ ಬಂದರು. ಸಂಜೆ, ಇನ್ನೂ ಬಿಸಿಲಿತ್ತು, ನಾನು ಹಾಲು ಕರೆದು ತಂಬಿಗೆ ಹಿಡಿದು ಬರುತ್ತಿದ್ದೆ. ಮೊಪೆಡ್ ನಿಲ್ಲಿಸಿ ಬೇಲಿಯ ಆಚೆ ನಿಂತಿದ್ದರು. ಕಿಟಕಿಯಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ಪೂರ್ತಿ ಮನುಷ್ಯ ಕಾಣಿಸಿದ. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ.

“ನಾಳೆ ಹೋಗ್ತಾ ಇದೀನಿ ಅಮ್ಮ. ಹೋಗೋಕೆ ಮುಂಚೆ ಒಂದು ಕೇಳ್ಬೇಕಿತ್ತು. ಮಾತ್ರೆ ಸರಿ ಇದೆ, ಡಾಕ್ಟ್ರು ಬರೆದಿದ್ದು ಸರಿ ಇದೆ. ಮಗು ಮುಖ ಮಾತ್ರ ಕೇಳ್ತಿಲ್ಲವಂತೆ. ಎಲ್ಲಿ ತಪ್ತಿದೆ ಅಂತ ತಲೆಗೆ ಹತ್ತುತ್ತಿಲ್ಲ. ಹೇಗೆ ಕೊಡ್ತಿದೀರಾ?”

ಬಾಗಿಲಲ್ಲಿ ನಿಂತಿದ್ದ ಪವಿತ್ರ ಹೇಳಿದಳು: “ಹಾಲಲ್ಲಿ, ಸಾರ್. ದೊಡ್ಡ ಲೋಟ. ದಿನಾ.”

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. ಅಷ್ಟರಲ್ಲಿ ಮಗ ಟೆಂಪೊ ನಿಲ್ಲಿಸಿ ಬಂದ. ಊರ ಮಾತು ಅವನ ಕಿವಿಗೂ ಬಿದ್ದಿತ್ತು, ಎದೆ ಉಬ್ಬಿಸಿಕೊಂಡೇ ಬಂದ. “ಏನ್ ಸಾರ್? ಏನ್ ವಿಷ್ಯ ಇಲ್ಲಿ?”

ಈಗ ಹೇಳುತ್ತಾರೆ ಅಂದುಕೊಂಡೆ. ನಿಮ್ಮ ತಾಯಿ ಎರಡು ಸಲ ಪಾಠ ಒಪ್ಪಿಸಿ ಹೋಗಿ ಮನೆಯಲ್ಲಿ ಹೀಗೆ ಮಾಡಿದರು ಎಂದು ಹೇಳುತ್ತಾರೆ. ಹೇಳಬೇಕಿತ್ತು.

“ಏನಿಲ್ಲಪ್ಪ” ಅಂದರು. “ಮಾತ್ರೆ ಹಾಲಲ್ಲಿ ಕೊಟ್ಟುಬಿಟ್ಟಿದಾರೆ. ನಾನು ಹೇಳಿದ್ದು ಸರಿಯಾಗಿ ಅರ್ಥ ಆಗೋ ಹಾಗೆ ಇರಲಿಲ್ಲ ಅನ್ಸುತ್ತೆ. ಇನ್ಮೇಲೆ ನೀರಲ್ಲಿ ಕೊಡಿ. ಹಾಲು ಬೇಕಾದ್ರೆ ಎರಡು ಮೂರು ಗಂಟೆ ಬಿಟ್ಟು ಕುಡೀಲಿ. ಗುರುವಾರ ಡಾಕ್ಟ್ರ ಹತ್ರ ಹೋಗಿ ಈ ವಿಷಯ ಹೇಳಿ, ಮುಂದೆ ಎಷ್ಟು ದಿನ ಅಂತ ಅವರೇ ಹೇಳ್ತಾರೆ.”

ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡು ನಿಂತಿದ್ದರು. ನಾನು ತಂಬಿಗೆ ಹಿಡಿದುಕೊಂಡು ಅದನ್ನು ನೋಡುತ್ತಾ ನಿಂತಿದ್ದೆ. ಮನೆಗೆ ಬಂದವರಿಗೆ ಏನಾದರೂ ಕೊಡಬೇಕಲ್ಲ. ಕೈಯಲ್ಲಿ ಇದ್ದದ್ದು ಹಾಲು. ಕೊನೆಗೆ, “ಮಜ್ಜಿಗೆ ಕುಡೀತೀರಾ?” ಅಂದೆ. ಕುಡಿದರು. ಲೋಟ ಕೊಡುತ್ತಾ, “ಚೆನ್ನಾಗಿದೆ ಅಮ್ಮ, ಇನ್ನೊಂದು ಲೋಟ ಸಿಗುತ್ತಾ?” ಎಂದು ಕೇಳಿ ಕುಡಿದರು. ನನ್ನ ಹಾಲನ್ನು ಬೇಡ ಅಂದವರು ಅನ್ನುವ ಕೋಪ ಆ ಎರಡನೇ ಲೋಟದಲ್ಲಿ ಹೋಯಿತು. ಆಮೇಲೆ ಉಳಿದದ್ದು ನಾಚಿಕೆ ಒಂದೇ. ಅದು ಇವತ್ತಿನವರೆಗೂ ಉಳಿದಿದೆ.

ಆವತ್ತೇ ಮಗನ ಮುಂದೆ ಬಾಯಿ ಬಿಡಬೇಕಿತ್ತು. ಮಾರನೆಯ ದಿನ ಡೇರಿಯಲ್ಲಿ ಬಿಡಬೇಕಿತ್ತು. ಕ್ಯಾನು ಇಟ್ಟಾಗ ಪರೀಕ್ಷೆ ಮಾಡುವವನು “ಅಜ್ಜಿದು ಬಿಡಿ” ಅಂದ. ಆ ಮಾತು ಕೇಳಿದ ಮೇಲೆ ನಾನು ಸುಳ್ಳಿ ಎಂದು ಹೇಗೆ ಹೇಳಲಿ? ನಾಳೆ ಹೇಳೋಣ ಎಂದು ಬಂದೆ. ಹೀಗೆ ಎಷ್ಟೋ ನಾಳೆ ಕಳೆದವು.

ನೀರಿನಲ್ಲಿ ಕೊಡಲು ಶುರು ಮಾಡಿದ ಮೇಲೆ ತಿಂಗಳೊಳಗೆ ಹೊಸ ಗಂಟು ಏಳುವುದು ನಿಂತಿತು. ಆಮೇಲೆ ಇದ್ದವು ಒಣಗಿದವು. ಡಾಕ್ಟರು ಹೇಳಿದ ದಿನಕ್ಕೆ ಮಾತ್ರೆ ನಿಲ್ಲಿಸಿ, ಮುಲಾಮು ಮಾತ್ರ ಮುಂದುವರಿಸಿದೆವು. ಪವಿತ್ರ ಒಂದು ಬೆಳಿಗ್ಗೆ ಕನ್ನಡಿಯ ಬಟ್ಟೆ ತೆಗೆದು ಮಡಿಸಿ ಒಳಗಿಟ್ಟಳು. ನಾನು ಒಲೆಯ ಮುಂದೆ ಕೂತು ಸಂತೋಷಕ್ಕೆ ಅತ್ತೆ. ಎಲ್ಲ ಹೋಗಲಿಲ್ಲ. ಎಡಗೆನ್ನೆಯಲ್ಲಿ ಮೂರು ಕುಳಿ ಉಳಿದಿವೆ. ಬೇಗ ಹಿಡಿತಕ್ಕೆ ಬಂದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಅಂದರಂತೆ. ಬಂದವರ ಕಣ್ಣಿಗೆ ಅವು ಕಾಣುವುದಿಲ್ಲ. ಈಗ ದಿನಾ ಬಾಣಂತಿಗೆ ಎಣ್ಣೆ ಹಚ್ಚುವಾಗ ನನ್ನ ಬೆರಳಿಗೆ ಸಿಗುತ್ತವೆ. ಅವು ನಾನು ಕೊಟ್ಟವು.

ಮೇಷ್ಟ್ರನ್ನು ಇನ್ನೊಂದು ಸಲ ಕಂಡೆ, ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ. ರಿಟೈರಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೇ ಗುರುತು ಹಿಡಿದು ಹತ್ತಿರ ಬಂದು ಬಗ್ಗಿ ಕೇಳಿದರು: “ಮಗು ಮುಖ ಹೇಗಿದೆ ಅಮ್ಮ?”

“ವಾಸಿ ಆಯ್ತು, ಸಾರ್. ಕೆಲಸಕ್ಕೆ ಹೋಗ್ತವ್ಳೆ. ಮದುವೆಗೂ ನೋಡ್ತಿದೀವಿ.”

“ಭೇಷ್” ಅಂದರು. ಆ ಮುಖದ ಸಂತೋಷ ಹೇಳತೀರದು, ತಮ್ಮ ಮನೆಯ ಹುಡುಗಿಯೇ ಅನ್ನುವ ಹಾಗೆ. “ಸಾರ್, ಆವತ್ತು ನಾನು…” ಎಂದು ಶುರು ಮಾಡಿದೆ. ಅವರ ಬಸ್ಸು ಬಂತು. “ಬರ್ತೀನಿ ಅಮ್ಮ, ಇದು ಬಿಟ್ರೆ ಇನ್ನೊಂದಿಲ್ಲ” ಎಂದು ಹೊರಟರು. ಬಸ್ಸು ಐದು ನಿಮಿಷ ಅಲ್ಲೇ ನಿಂತಿತ್ತು. ನಾನು ಹತ್ತಿ ಹೇಳಬಹುದಿತ್ತು. ಹೂವಿನ ಅಂಗಡಿಯ ಹಿಂದೆ ಸರಿದು ನಿಂತೆ.

ಆಸ್ಪತ್ರೆಯ ಆಯಾ ಹೇಳಿದ ಮೇಲೆ ಅವರು ಹೋದದ್ದು ಗೊತ್ತಾಯಿತು. ಆಗಲೇ ತಿಥಿ ಮುಗಿದಿತ್ತು.

ತೊಟ್ಟಿಲ ಶಾಸ್ತ್ರದ ಮಾರನೆಯ ಬೆಳಿಗ್ಗೆ, ಅಂದರೆ ಮೊನ್ನೆ ಸೋಮವಾರ, ಮೊದಲು ಮಗನನ್ನು, ಸೊಸೆಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಮಗ ತಲೆ ಬಗ್ಗಿಸಿ, “ಆವತ್ತು ಅವರ ಮೇಲೆ ಎದೆ ಉಬ್ಬಿಸ್ಕೊಂಡು ಹೋದ್ನಲ್ಲ ಅವ್ವ” ಅಂದ. ಆಮೇಲೆ ಕ್ಯಾನು ಹಿಡಿದು ಡೇರಿಗೆ ಹೋದೆ.

ಅಲ್ಲಿ ಮೊದಲು ಎಲ್ಲರೂ ಕೂಸಿನ ವಿಷಯ ಕೇಳಿದರು. ಹೇಳಿದೆ, ಹೇಳದೆ ಇರಲು ಆಗುತ್ತದೆಯೇ. ಕಾಲ್ಬೆರಳಿನ ವಿಷಯವನ್ನೂ ಹೇಳಿದೆ. ಆಮೇಲೆ ಕ್ಯಾನು ಕೆಳಗಿಟ್ಟು ಗೌರಮ್ಮನ ಕಡೆ ತಿರುಗಿ ಎಲ್ಲರಿಗೂ ಕೇಳಿಸುವ ಹಾಗೆ ಅಂದೆ: “ಮಾತ್ರೆ ಮೇಷ್ಟ್ರು ಮಾತ್ರೆ ಮಾರ್ಕೊಂಡ್ರು ಅಂತ ಇಲ್ಲೇ ನಿಂತು ಹೇಳಿದೋಳು ನಾನು. ಅದು ಸುಳ್ಳು. ನಾನು ಏನೂ ಕಂಡಿರ್ಲಿಲ್ಲ. ಅವರು ಬೇಡ ಬೇಡ ಅಂದ್ರೂ ನಾನೇ ಮಾತ್ರೆನ ಹಾಲಲ್ಲಿ ಕೊಟ್ಟು ಕೆಡಿಸಿದ್ದು. ಅವರು ನೀರಲ್ಲಿ ಕೊಡಿ ಅಂದಂಗೆ ಕೊಟ್ಟ ಮೇಲೇ ಹುಡ್ಗಿ ವಾಸಿ ಆಗಿದ್ದು.”

ಗೌರಮ್ಮ ಪಕಪಕ ನಕ್ಕಳು.

“ಅಯ್ಯೋ ಬಿಡಿ ಅಜ್ಜಿ! ಮರಿಮಗು ಬಂದ ಖುಷೀಲಿ ಸತ್ತೋನ ಮೇಲೆ ಕನಿಕರ ಬಂದೈತೆ ನಿಮಗೆ. ನಿಮ್ ಮಾತು ಯಾವತ್ತು ಸುಳ್ಳಾಗೈತೆ?”

“ಆವತ್ತು” ಅಂದೆ.

“ನೀವು ಹೇಳ್ದೆ ಇದ್ರೂ ಅವನು ಕಳ್ಳನೇ. ಊರಿಗೆಲ್ಲ ಗೊತ್ತು. ನಾನಂತೂ ಆವತ್ತಿಂದ ಆಸ್ಪತ್ರೆ ಮಾತ್ರೆ ಮುಟ್ಟಿಲ್ಲ, ದುಡ್ಡು ಇದ್ದಾಗ ಹೊರಗಡೆ ತಗೊಳ್ತೀನಿ, ಇಲ್ದಿದ್ರೆ ಇಲ್ಲ.”

“ಆಸ್ಪತ್ರೇದು ತಗೋ ಗೌರಮ್ಮ. ನನ್ನ ಮಾತು ಕೇಳು.”

“ನಿಮ್ ಮಾತೇ ಕೇಳಿರೋದು” ಅಂದಳು. ಸುತ್ತ ನಿಂತವರು ನಕ್ಕು ಕ್ಯಾನು ಮುಂದೆ ಸರಿಸಿದರು. ಪರೀಕ್ಷೆ ಮಾಡುವವನು ಎಂದಿನ ಹಾಗೆ, “ಅಜ್ಜಿದು ಬಿಡಿ” ಅಂದ. ಬಿಡಬೇಡ, ಇಡು ಕೊಳವೆ ಅಂದೆ. ಅವನು ಅದಕ್ಕೂ ನಕ್ಕ.

ಮಂಗಳವಾರ ಎರಡು ಹೊತ್ತೂ ಹೇಳಿದೆ. ಬುಧವಾರವೂ ಹೇಳಿದೆ. ಅಜ್ಜಿಗೆ ಅರುಳು ಮರುಳು ಎಂದು ಗೌರಮ್ಮ ಎಲ್ಲರಿಗೂ ಹೇಳಿದ್ದಾಳೆ ಎಂದು ಸೊಸೆಯ ಕಿವಿಗೆ ಬಿದ್ದಿತು. ಸುಳ್ಳು ಹೇಳಿದ ದಿನ ಒಬ್ಬರೂ ನನ್ನ ಬುದ್ಧಿಯ ಬಗ್ಗೆ ಅನುಮಾನ ಪಡಲಿಲ್ಲ.

ಇವತ್ತು ಬೆಳಿಗ್ಗೆ ಹಾಲು ಹಾಕಿ ಹೊರಗೆ ಬಂದೆ. ಗೌರಮ್ಮ ಒಳಗೆ ಇನ್ನೂ ಸಾಲಿನಲ್ಲಿದ್ದಳು. ಅವಳ ಸೊಸೆ, ಐದು ತಿಂಗಳ ಬಸುರಿ, ಬಾಗಿಲ ಪಕ್ಕ ಖಾಲಿ ಕ್ಯಾನು ಹಿಡಿದು ನಿಂತಿದ್ದಳು. ಆ ಹುಡುಗಿ ಜೋರಾಗಿ ಮಾತಾಡಿದ್ದನ್ನು ನಾನು ಕಂಡೇ ಇಲ್ಲ. ಒಳಗೊಮ್ಮೆ ನೋಡಿ ನನ್ನ ಹತ್ತಿರ ಸರಿದಳು.

“ಅಜ್ಜಿ, ಒಂದ್ ಮಾತು. ನಂಗೆ ರಕ್ತದ ಮಾತ್ರೆ ಕೊಟ್ಟವ್ರೆ, ಐರನ್‌ದು. ನಮ್ಮತ್ತೆ ಹಾಲಲ್ಲೇ ಕೊಡ್ತಾರೆ. ತಿಂಗಳಾಯ್ತು, ರಕ್ತ ಏರ್ತಾನೇ ಇಲ್ಲ ಅಂತ ನರ್ಸಮ್ಮ ಬೈತಾರೆ. ಅದೂ ಹಾಲಲ್ಲಿ ಆಗ್ಬಾರ್ದಾ?”

ಕ್ಯಾನು ಕೆಳಗಿಟ್ಟು ಅವಳ ಕೈ ಹಿಡಿದುಕೊಂಡೆ. ಪವಿತ್ರ ಬಸುರಿಯಾಗಿದ್ದಾಗ ನರ್ಸಮ್ಮ ನನ್ನೆದುರೇ ಹೇಳಿದ್ದರು. “ಆಗ್ಬಾರ್ದು ಕಣವ್ವ. ನೀರಲ್ಲಿ ತಗೋ. ಹಾಲು ಬೇರೆ ಹೊತ್ತಲ್ಲಿ ಕುಡಿ. ನಾಳೆನೇ ಆಸ್ಪತ್ರೆಗೆ ಹೋಗಿ ಕೇಳು, ನಾನೂ ಬರ್ತೀನಿ.”

“ಅತ್ತೆ ಕೇಳ್ತಾರೆ, ಹಾಲು ಬೇಡ ಅಂತ ನಿಂಗ್ಯಾರು ಹೇಳ್ಕೊಟ್ರು ಅಂತ.”

ನನ್ನ ಹೆಸರು ಹೇಳು ಎಂದು ಬಾಯಿಗೆ ಬಂದಿತ್ತು. ಆ ಹೆಸರಿಗೆ ಇನ್ನೂ ಈ ಊರಲ್ಲಿ ಬೆಲೆ ಇದೆ, ಅತ್ತೆ ಬಾಯಿ ಮುಚ್ಚುತ್ತಿದ್ದಳು. ನುಂಗಿಕೊಂಡೆ.

“ಊರೆಲ್ಲ ಕಳ್ಳ ಅಂತಾರಲ್ಲ, ಆ ಮೇಷ್ಟ್ರು ಹೇಳ್ಕೊಟ್ಟಿದ್ದು ಅನ್ನು” ಅಂದೆ.

ಹುಡುಗಿ ನನ್ನ ಮುಖ ನೋಡಿದಳು. ಒಳಗಿನಿಂದ ಗೌರಮ್ಮ ಹೊರಬಂದಳು. “ಏನೇ ಅದು ಗುಸುಗುಸು?”

“ಮಾತ್ರೆ ಮೇಷ್ಟ್ರ ವಿಷ್ಯ, ಅತ್ತೆ” ಅಂದಳು ಹುಡುಗಿ. ಜೋರಾಗಿಯೇ ಅಂದಳು.